ಎರಡು ಪಟ್ಟಿಗಳಲ್ಲಿ ಬರೆದ ಹೆಸರುಗಳು

ಹೆಸರುಗಳ ಪಟ್ಟಿ ನಮಗೆ ಹೊಸದಲ್ಲ. ಸಕಲ ಸಂತರ ಹಬ್ಬದಂದು ಸಂತರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತೇವೆ. ಮರುದಿನ ಮೃತರ ಸ್ಮರಣೆಗೆಂದು ಮನೆಯ ಹಿರಿಯರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಗುರುಗಳ ಕೈಗೆ ಕೊಡುತ್ತೇವೆ. ದೇವಾಲಯಕ್ಕೆ ಗಂಟೆ ಕೊಟ್ಟವರ, ಬಾಗಿಲು ಮಾಡಿಸಿದವರ ಹೆಸರುಗಳು ಗೋಡೆಯ ಕಲ್ಲಿನಲ್ಲಿವೆ. ಜೂಬಿಲಿ ಸಂಚಿಕೆಯಲ್ಲಿ ಅಜ್ಜನ ಹೆಸರು ಬಿಟ್ಟುಹೋಯಿತೆಂದು ವರ್ಷಗಟ್ಟಲೆ ಮುನಿಸಿಕೊಂಡ ಮನೆಗಳನ್ನೂ ನಾವು ಬಲ್ಲೆವು. ಹೆಸರು ಬರೆಯುವುದು ಸಣ್ಣ ಕೆಲಸವೇನಲ್ಲ.

ಆಟದ ಲೋಕದಲ್ಲಿಯೂ ಇಂಥ ಪಟ್ಟಿಗಳಿವೆ. ಅದಕ್ಕೆ 'ಹಾಲ್ ಆಫ್ ಫೇಮ್' ಎನ್ನುತ್ತಾರೆ. ಹೆಸರು ಕೇಳಿ ದೊಡ್ಡ ಸಭಾಂಗಣವನ್ನು ಊಹಿಸಿಕೊಳ್ಳಬೇಕಿಲ್ಲ. ಎಷ್ಟೋ ಕಡೆ ಅದು ಬರೀ ಒಂದು ಗೌರವ ಪಟ್ಟಿ. ಆಡಿದವರು, ಆಡಿಸಿದವರು, ತರಬೇತಿ ಕೊಟ್ಟವರು, ಸೀಟಿ ಊದಿದವರು, ಲೆಕ್ಕಪತ್ರ ನೋಡಿಕೊಂಡವರು ಇವರಲ್ಲಿ ಕೆಲವರನ್ನು ಆರಿಸಿ, ಒಂದು ಸಂಜೆ ಎಲ್ಲರೂ ಕೂಡಿದಾಗ ಹೆಸರು ಓದಿ ಗೌರವಿಸುತ್ತಾರೆ. ಆಸ್ಟ್ರೇಲಿಯಾ ದೇಶದ ಫುಟ್‌ಬಾಲಿಗೆ ಇಂಥ ರಾಷ್ಟ್ರೀಯ ಪಟ್ಟಿ ಆರಂಭವಾದದ್ದು 1996ರಲ್ಲಿ. ಆ ದೇಶದ ಉತ್ತರ ತುದಿಯಲ್ಲಿ, ಡಾರ್ವಿನ್ ನಗರವನ್ನು ರಾಜಧಾನಿಯಾಗಿ ಹೊಂದಿರುವ ಉತ್ತರ ಪ್ರಾಂತ್ಯ ತನ್ನದೇ ಪಟ್ಟಿಯನ್ನು 2010ರಲ್ಲಿ ತೆರೆಯಿತು. ನಾವು ಇಲ್ಲಿ ಹೇಳಹೊರಟಿರುವುದು ಆ ಪ್ರಾಂತ್ಯದ ಕಥೆಯನ್ನು. ಏಕೆಂದರೆ ಅಲ್ಲಿಯ ಮೂಲನಿವಾಸಿಗಳ ಹೆಸರುಗಳನ್ನು ಇದಕ್ಕೂ ಮೊದಲು ಬೇರೊಂದು ಪಟ್ಟಿಯಲ್ಲಿ ಬರೆದಿದ್ದರು. ಆ ಪಟ್ಟಿ ಗೌರವದ್ದಾಗಿರಲಿಲ್ಲ. ಮತ್ತೊಂದು ಕಾರಣ, ಈ ಕಥೆಯ ಸಿಹಿಯಲ್ಲಿಯೂ ಕಹಿಯಲ್ಲಿಯೂ ನಮ್ಮ ಧರ್ಮಸಭೆಗೆ ಪಾಲಿದೆ.

ಮೊದಲು ಆಟದ ವಿಷಯ. ಇದು ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್ ಹುಡುಗರು ಆಡುವ ದುಂಡು ಚೆಂಡಿನ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು, ಮೈದಾನವೂ ಮೊಟ್ಟೆಯಾಕಾರದ್ದು. ತಂಡಕ್ಕೆ 18 ಮಂದಿ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ಒದ್ದ ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ 6 ಅಂಕ, ಪಕ್ಕದ ಸಂದಿನಲ್ಲಿ ಹೋದರೆ 1 ಅಂಕ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು. ಜೊತೆಯವನಿಗೆ ಎಸೆಯುವ ಹಾಗಿಲ್ಲ, ಒಂದು ಕೈಯಲ್ಲಿಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳಿಸಬೇಕು. ಒದ್ದ ಚೆಂಡನ್ನು ಎದುರಾಳಿಯ ಹೆಗಲ ಮೇಲೇರಿ ಹಿಡಿಯುವುದನ್ನು ನೋಡಲೆಂದೇ ಜನ ಬರುತ್ತಾರೆ. ಇದರ ನಿಯಮಗಳನ್ನು ಮೆಲ್ಬರ್ನ್ ನಗರದಲ್ಲಿ 1859ರಲ್ಲಿ ಬರೆದರು.

ಡಾರ್ವಿನ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರು ಸಮುದ್ರ ದಾಟಿದರೆ ಎರಡು ದ್ವೀಪಗಳು, ಬ್ಯಾಥರ್ಸ್ಟ್ ಮತ್ತು ಮೆಲ್ವಿಲ್. ಅಲ್ಲಿಯ ಜನ ತಿವಿ ಜನಾಂಗದವರು. ಇಂದಿಗೂ ಎರಡೂ ದ್ವೀಪಗಳ ಜನಸಂಖ್ಯೆ ಸುಮಾರು 2,500. ನಮ್ಮಲ್ಲಿ ಒಂದು ದೊಡ್ಡ ಧರ್ಮಕೇಂದ್ರದಷ್ಟೇ ಜನ. ಇಷ್ಟು ಜನರ ನಡುವಿನಿಂದ ರಾಷ್ಟ್ರಮಟ್ಟದ ಆಟಗಾರರು ತಲೆಮಾರಿನಿಂದ ತಲೆಮಾರಿಗೆ ಬರುತ್ತಲೇ ಇದ್ದಾರೆ. ನಮ್ಮ ಕೊಡಗಿಗೆ ಹಾಕಿ ಹೇಗೋ ಈ ದ್ವೀಪಗಳಿಗೆ ಫುಟ್‌ಬಾಲ್ ಹಾಗೆ.

1911ರಲ್ಲಿ ಯೇಸುವಿನ ಪವಿತ್ರ ಹೃದಯದ ಧರ್ಮಪ್ರಚಾರಕರ ಸಭೆಗೆ ಸೇರಿದ ಫಾದರ್ ಫ್ರಾನ್ಸಿಸ್ ಕ್ಸೇವಿಯರ್ ಗ್ಸೆಲ್ ಅವರು ಬ್ಯಾಥರ್ಸ್ಟ್ ದ್ವೀಪದಲ್ಲಿ ಬಂದಿಳಿದರು. ಹುಟ್ಟಿದ್ದು ಯೂರೋಪಿನ ಅಲ್ಸೇಸ್ ಪ್ರದೇಶದಲ್ಲಿ. 1938ರಲ್ಲಿ ಡಾರ್ವಿನ್ನಿನ ಧರ್ಮಾಧ್ಯಕ್ಷರಾಗುವವರೆಗೂ ಅವರ ಮನೆ ಈ ದ್ವೀಪವೇ. ಅವರ ಆತ್ಮಕಥೆಯ ಹೆಸರನ್ನು ಕೇಳಿದರೆ ಓದುಗರು ಹುಬ್ಬೇರಿಸಿಯಾರು. '150 ಹೆಂಡಿರ ಬಿಷಪ್' ಎಂಬುದು ಅದರ ಅರ್ಥ. ತಿವಿ ಪದ್ಧತಿಯಲ್ಲಿ ಹೆಣ್ಣುಮಗುವನ್ನು ಹುಟ್ಟುವ ಮೊದಲೇ ವಯಸ್ಸಾದ ಗಂಡಸಿಗೆ ಗೊತ್ತುಮಾಡುತ್ತಿದ್ದರು. ಓಡಿಬಂದ ಒಬ್ಬ ಹುಡುಗಿಯನ್ನು ಉಳಿಸಿಕೊಳ್ಳಲು ದಾರಿ ಕಾಣದೆ ಗ್ಸೆಲ್ ಅವರು 1921ರಲ್ಲಿ ಅವಳ ಮೇಲಿನ ಗಂಡನ ಹಕ್ಕನ್ನು ಬಟ್ಟೆ, ಕೊಡಲಿ, ಹಿಟ್ಟು, ತಂಬಾಕು ಕೊಟ್ಟು ಕೊಂಡುಕೊಂಡರು. ಹೀಗೆ ಕಾಲಕ್ರಮದಲ್ಲಿ ಸುಮಾರು 150 ಹುಡುಗಿಯರನ್ನು ಬಿಡಿಸಿಕೊಂಡರು. ಅವರು ಬೆಳೆದು ಮನಸ್ಸಿಗೊಪ್ಪಿದವರನ್ನು ಮದುವೆಯಾಗಿ ಕ್ರೈಸ್ತ ಕುಟುಂಬಗಳಾದರು. ಇದನ್ನು ಓದಿದಾಗ ನಮಗೆ ಮೆಚ್ಚುಗೆಯ ಜೊತೆಗೆ ಒಂದು ಮುಜುಗರವೂ ಆಗುತ್ತದೆ. ಕರುಣೆಯಿಂದಲೇ ಮಾಡಿದರೂ ಕೊಂಡದ್ದು ಕೊಂಡದ್ದೇ ಅಲ್ಲವೇ? ಆದರೂ ಆ ಹುಡುಗಿಯರ ಸಂತತಿಯವರು ಇಂದಿಗೂ ಆ ದೇವಾಲಯಕ್ಕೆ ಬರುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ಫುಟ್‌ಬಾಲ್ ಬಂದದ್ದು ಗ್ಸೆಲ್ ಅವರ ಕಾಲದ ನಂತರ. 1941ರಲ್ಲಿ ಅದೇ ಸಭೆಯ ಬ್ರದರ್ ಜಾನ್ ಪೈ ಅವರು ಮಿಷನ್ನಿನ ಹುಡುಗರಿಗೆ ಈ ಆಟ ಕಲಿಸಿದರು ಎಂದು ದ್ವೀಪಗಳ ಕ್ರೀಡಾ ಇತಿಹಾಸ ಹೇಳುತ್ತದೆ. ಬ್ರದರ್ ಎಂದರೆ ಪೂಜೆ ಅರ್ಪಿಸುವ ಗುರುಗಳಲ್ಲ. ಶಾಲೆ, ತೋಟ, ಅಡಿಗೆ, ಮರಗೆಲಸ, ದೋಣಿ ಎಲ್ಲಕ್ಕೂ ಹೆಗಲು ಕೊಡುವ ಸಂನ್ಯಾಸಿ. ನಮ್ಮ ಹಳೆಯ ಬೋರ್ಡಿಂಗ್ ಶಾಲೆಗಳಲ್ಲಿ ಓದಿದವರಿಗೆ ಇಂಥವರ ಪರಿಚಯ ಇದ್ದೇ ಇರುತ್ತದೆ. ಹುಡುಗರಿಗೆ ಬೂಟುಗಳಿರಲಿಲ್ಲ. ಬರಿಗಾಲಿನಲ್ಲಿ ಆಡಿದರು. ಬೂಟಿಲ್ಲದ್ದು ಕೊರತೆಯೆಂದು ಹೊರಗಿನವರು ತಿಳಿದರು. ಒದ್ದೆ ನೆಲದಲ್ಲಿ ಆ ಹುಡುಗರ ಓಟ ನೋಡಿದ ಮೇಲೆ ಆ ಮಾತು ನಿಂತಿತು. ಆಟಕ್ಕೆ ಅವರು ತಮ್ಮ ಭಾಷೆಯಲ್ಲಿ 'ಯಿಲೋಗ' ಎಂದು ಹೆಸರಿಟ್ಟುಕೊಂಡರು. ಹೊರಗಿನಿಂದ ಬಂದ ವಸ್ತುವಿಗೆ ಜನರು ತಮ್ಮ ಭಾಷೆಯ ಹೆಸರಿಟ್ಟರೆಂದರೆ ಅದು ಮನೆಯದಾಯಿತು ಎಂದೇ ಅರ್ಥ.

ಆದರೆ ಅದೇ ಸುಮಾರಿನಲ್ಲಿ ಪಕ್ಕದ ಮೆಲ್ವಿಲ್ ದ್ವೀಪದ ಗಾರ್ಡನ್ ಪಾಯಿಂಟ್ ಎಂಬಲ್ಲಿ ಇನ್ನೊಂದು ಕ್ಯಾಥೋಲಿಕ್ ಮಿಷನ್ ತೆರೆಯಿತು. ಅಲ್ಲಿಗೆ ಬಂದ ಮಕ್ಕಳು ದ್ವೀಪದವರಲ್ಲ. ತಾಯಿ ಮೂಲನಿವಾಸಿ, ತಂದೆ ಬಿಳಿಯ ಅಥವಾ ಬೇರೆ ಜನಾಂಗದವನು ಎಂಬ ಒಂದೇ ಕಾರಣಕ್ಕೆ ಸರ್ಕಾರ ತಾಯಂದಿರ ಮಡಿಲಿನಿಂದ ತೆಗೆದುಕೊಂಡು ಬಂದ ಮಕ್ಕಳು ಅವರು. ನೂರಾರು ಮೈಲಿ ದೂರದ ಮರುಭೂಮಿಯಿಂದ ಬಂದವರೂ ಇದ್ದರು. ಪವಿತ್ರ ಹೃದಯದ ಗುರುಗಳೂ ಧರ್ಮಭಗಿನಿಯರೂ ಅವರನ್ನು ಸಾಕಿದರು, ಓದಿಸಿದರು, ಜಪ ಕಲಿಸಿದರು. ಅಲ್ಲಿಯೂ ಮಕ್ಕಳು ಫುಟ್‌ಬಾಲ್ ಆಡಿದರು. ಆದರೆ ಅವರ ತಾಯಂದಿರು ಸತ್ತಿರಲಿಲ್ಲ. ದೂರದಲ್ಲಿ ಬದುಕಿದ್ದರು, ಕಾಯುತ್ತಿದ್ದರು. ಇಂಥ ಮಕ್ಕಳನ್ನೇ ಇಂದು ಆಸ್ಟ್ರೇಲಿಯಾದಲ್ಲಿ 'ಕದ್ದೊಯ್ದ ತಲೆಮಾರುಗಳು' ಎಂದು ಕರೆಯುತ್ತಾರೆ. ಈ ಮಕ್ಕಳ ಕಥೆ ಮುಂದೆ ಮತ್ತೆ ಬರುತ್ತದೆ.

ಅಷ್ಟರಲ್ಲಿ ಯುದ್ಧ ಬಂತು. 1942ರ ಫೆಬ್ರವರಿ 19ರ ಬೆಳಿಗ್ಗೆ ದ್ವೀಪದ ಮೇಲೆ ಹಾದುಹೋಗುತ್ತಿದ್ದ ನೂರಾರು ಜಪಾನೀ ವಿಮಾನಗಳನ್ನು ಕಂಡು ಮಿಷನ್ನಿನ ಫಾದರ್ ಜಾನ್ ಮೆಕ್‌ಗ್ರಾತ್ ಅವರು ರೇಡಿಯೋ ಮೂಲಕ ಡಾರ್ವಿನ್ನಿಗೆ ಎಚ್ಚರಿಕೆ ಕಳಿಸಿದರು. ಅಧಿಕಾರಿಗಳು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅಂದಿನ ಬಾಂಬಿನ ಮಳೆಗೆ ಡಾರ್ವಿನ್ನಿನಲ್ಲಿ 230ಕ್ಕೂ ಹೆಚ್ಚು ಜನ ಸತ್ತರು. ಇದು ನಮ್ಮ ವಿಷಯದಿಂದ ಸ್ವಲ್ಪ ದೂರವೇ ಸರಿ. ಆದರೆ ಯುದ್ಧದಿಂದಾಗಿಯೇ ತಿವಿ ಗಂಡಸರು ಸೈನ್ಯದ ಕೆಲಸಗಳಿಗೆ ಸೇರಿದರು. ಯುದ್ಧ ಮುಗಿದ ಮೇಲೂ ಡಾರ್ವಿನ್ನಿನ ಸೈನಿಕ ಶಿಬಿರಗಳಲ್ಲಿ ಕೂಲಿಗಿದ್ದರು. ಶನಿವಾರ ಬಂದರೆ ಅವರಿಗೆ ಆಡಲು ತಂಡವಿರಲಿಲ್ಲ.

ಡಾರ್ವಿನ್ನಿನ ಲೀಗ್ ಹಳೆಯದು, 1916ರಲ್ಲಿ ಆರಂಭವಾದದ್ದು. ದಕ್ಷಿಣದಲ್ಲಿ ಚಳಿಗಾಲದಲ್ಲಿ ಆಡಿದರೆ ಇಲ್ಲಿ ಮಳೆಗಾಲದಲ್ಲಿ, ಅಕ್ಟೋಬರಿನಿಂದ ಮಾರ್ಚಿಯವರೆಗೆ ಆಡುತ್ತಾರೆ. ಆ ಲೀಗಿನ ಇತಿಹಾಸದಲ್ಲಿ ನಾಚಿಕೆಯ ಪುಟಗಳೂ ಇವೆ. 1920ರ ದಶಕದ ಕೊನೆಯಲ್ಲಿ ಕೆಲವು ವರ್ಷ ಬಿಳಿಯರಲ್ಲದವರು ಆಡಕೂಡದೆಂದು ಹೊರಗಿಟ್ಟಿದ್ದರು. ಮಿಶ್ರ ಜನಾಂಗದವರ ತಂಡ ಗೆಲ್ಲತೊಡಗಿದ ಮೇಲೆಯೇ ಈ ನಿಷೇಧ ಬಂತು ಎಂಬುದನ್ನು ಗಮನಿಸಬೇಕು. ಸೋತು ಸೋತು ಕೂತವನನ್ನು ಯಾರೂ ಹೊರಗೆ ಹಾಕುವುದಿಲ್ಲ.

1952ರಲ್ಲಿ ಡಾರ್ವಿನ್ನಿನ ಕ್ಯಾಥೋಲಿಕ್ ಮಂಡಳಿಯವರು ಸೇಂಟ್ ಮೇರೀಸ್ ಎಂಬ ಕ್ಲಬ್ ಕಟ್ಟಿದರು. ಮುಖ್ಯ ಉದ್ದೇಶವೇ ತಿವಿ ಹುಡುಗರಿಗೆ ಆಡಲು ಜಾಗ ಮಾಡಿಕೊಡುವುದು. ಇದರಲ್ಲಿ ಮುಂದೆ ನಿಂತ ಯುವಕರಲ್ಲಿ ಟೆಡ್ ಈಗನ್ ಒಬ್ಬರು. ಮುಂದೆ ಅವರು ಹೆಸರಾಂತ ಹಾಡುಗಾರರಾದರು, 2003ರಿಂದ 2007ರವರೆಗೆ ಉತ್ತರ ಪ್ರಾಂತ್ಯದ ಆಡಳಿತಾಧಿಕಾರಿಯಾಗಿದ್ದರು. ನಮ್ಮಲ್ಲಿ ರಾಜ್ಯಪಾಲರಿದ್ದಂತೆ ಆ ಹುದ್ದೆ. ಹಸಿರು ಹೊನ್ನಿನ ಬಣ್ಣದ ಈ ತಂಡ 1955ರಲ್ಲಿಯೇ ಲೀಗ್ ಗೆದ್ದಿತು. ಆಮೇಲೆ ಗೆದ್ದದ್ದು 30ಕ್ಕೂ ಹೆಚ್ಚು ಬಾರಿ. ಡಾರ್ವಿನ್ನಿನ ಪ್ರಧಾನಾಲಯದಲ್ಲಿ ಮಾತೆ ಮರಿಯಮ್ಮನವರನ್ನು ಮೂಲನಿವಾಸಿ ತಾಯಿಯಾಗಿ, ಬಾಲಯೇಸುವನ್ನು ಹೆಗಲ ಮೇಲೆ ಕೂರಿಸಿಕೊಂಡಿರುವಂತೆ ಬರೆದ ಚಿತ್ರವೊಂದಿದೆ. ಆ ನಾಡಿನಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಳ್ಳುವುದೇ ಹಾಗೆ. ಕ್ಲಬ್ಬಿನ ಹೆಸರಿನ ಮೇರಿಯನ್ನು ಆ ಹುಡುಗರು ಹೀಗೆಯೇ ಕಂಡಿರಬೇಕು ಎಂದು ನಮಗೆ ಅನ್ನಿಸುತ್ತದೆ.

ಈಗ ಆ ಮೊದಲ ಪಟ್ಟಿಗೆ ಬರೋಣ. ಕ್ಲಬ್ ಕಟ್ಟಿದ ಮರುವರ್ಷ, 1953ರಲ್ಲಿ, ಉತ್ತರ ಪ್ರಾಂತ್ಯದಲ್ಲಿ ಒಂದು ಕಲ್ಯಾಣ ಕಾನೂನು ಬಂತು. ಅದರಡಿ ಯಾರನ್ನು ಬೇಕಾದರೂ 'ವಾರ್ಡ್' ಎಂದು, ಎಂದರೆ ತನ್ನನ್ನು ತಾನು ನೋಡಿಕೊಳ್ಳಲಾರದ ಅಪ್ರಾಪ್ತನಂತೆ ಸರ್ಕಾರದ ಪೋಷಣೆಯಲ್ಲಿರುವವನು ಎಂದು ಘೋಷಿಸಬಹುದಿತ್ತು. 'ಮೂಲನಿವಾಸಿ' ಎಂಬ ಮಾತು ಕಾನೂನಿನಲ್ಲಿರಲಿಲ್ಲ. ಅಷ್ಟು ಜಾಣತನದಿಂದ ಬರೆದಿದ್ದರು. ಆದರೆ 1957ರಲ್ಲಿ ವಾರ್ಡುಗಳ ಪಟ್ಟಿ ಅಚ್ಚಾಗಿ ಬಂದಾಗ ಅದರಲ್ಲಿದ್ದ ಸಾವಿರಾರು ಹೆಸರುಗಳು ಮೂಲನಿವಾಸಿಗಳವೇ. ಎಷ್ಟೋ ಹೆಸರುಗಳು ತಪ್ಪಾಗಿದ್ದವು. ಹುಟ್ಟಿದ ವರ್ಷ ಅಂದಾಜಿನದು. ಈ ಪಟ್ಟಿಯಲ್ಲಿದ್ದವರು ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬೇಕು, ದುಡಿದ ಹಣ ಹೇಗೆ ಖರ್ಚು ಮಾಡಬೇಕು ಎಂಬುದರಲ್ಲೆಲ್ಲ ಅಧಿಕಾರಿ ಕೈಹಾಕಬಹುದಿತ್ತು. ಜನರು ಅದಕ್ಕೆ ಇಟ್ಟ ಅಡ್ಡಹೆಸರು 'ತಳಿ ಪುಸ್ತಕ'. ಕುದುರೆ, ದನಗಳ ವಂಶಾವಳಿ ಬರೆದಿಡುವ ಪುಸ್ತಕ.

ಆ ಕಾಲದಲ್ಲಿಯೇ ಸೇಂಟ್ ಮೇರೀಸ್ ತಂಡದಲ್ಲಿ ಡೇವಿಡ್ ಕಂಟಿಲ್ಲಾ ಎಂಬ ಎತ್ತರದ ತಿವಿ ಯುವಕ ಆಡುತ್ತಿದ್ದರು. 1961ರಲ್ಲಿ ಅವರು ಮೂರು ಸಾವಿರ ಕಿಲೋಮೀಟರು ದಕ್ಷಿಣದ ಅಡಿಲೇಡ್ ನಗರಕ್ಕೆ ಹೋಗಿ ಸೌತ್ ಅಡಿಲೇಡ್ ತಂಡ ಸೇರಿದರು. ಮೊದಲ ಪಂದ್ಯದಲ್ಲಿಯೇ ಆರು ಗೋಲು. ಆ ವರ್ಷವೂ ಮುಂದಿನ ವರ್ಷವೂ ತಂಡದ ಅತ್ಯುತ್ತಮ ಆಟಗಾರನ ಪ್ರಶಸ್ತಿ ಅವರದೇ. 1963ರಲ್ಲಿ ಲೀಗಿನ ಕೊನೆಯ ಸ್ಥಾನದಲ್ಲಿದ್ದ ಆ ತಂಡ 1964ರಲ್ಲಿ ಚಾಂಪಿಯನ್ ಆಯಿತು. ಆ ಗೆಲುವಿನಲ್ಲಿ ಕಂಟಿಲ್ಲಾ ಇದ್ದರು. ಉತ್ತರ ಪ್ರಾಂತ್ಯದಲ್ಲಿ ವಾರ್ಡುಗಳ ಪದ್ಧತಿ ರದ್ದಾದದ್ದೂ ಅದೇ 1964ರಲ್ಲಿ. ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ ಒಬ್ಬ ಮನುಷ್ಯನ ಊರಿನವರು ಆ ವರ್ಷದವರೆಗೂ ಕಾನೂನಿನ ಕಣ್ಣಿನಲ್ಲಿ ಸ್ವಂತ ಬುದ್ಧಿಯಿಲ್ಲದವರಾಗಿದ್ದರು! ಕಂಟಿಲ್ಲಾ 1978ರಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡರು. 2005ರಲ್ಲಿ ಮೂಲನಿವಾಸಿಗಳ ಶತಮಾನದ ತಂಡವನ್ನು ಆರಿಸಿದಾಗ ಅದರಲ್ಲಿ ಅವರ ಹೆಸರಿತ್ತು.

ಅದೇ ತಂಡದಲ್ಲಿದ್ದ ಇನ್ನೊಂದು ಹೆಸರು ಮೊರಿಸ್ ರಿಯೋಲಿ. 1957ರಲ್ಲಿ, ವಾರ್ಡುಗಳ ಪಟ್ಟಿ ಅಚ್ಚಾದ ವರ್ಷದಲ್ಲಿಯೇ, ಮೆಲ್ವಿಲ್ ದ್ವೀಪದಲ್ಲಿ ಹುಟ್ಟಿದವರು. ಸೇಂಟ್ ಮೇರೀಸ್‌ನಿಂದ ಪಶ್ಚಿಮದ ಸೌತ್ ಫ್ರೀಮ್ಯಾಂಟಲ್ ತಂಡಕ್ಕೆ, ಅಲ್ಲಿಂದ 1982ರಲ್ಲಿ ಮೆಲ್ಬರ್ನಿನ ರಿಚ್ಮಂಡ್ ತಂಡಕ್ಕೆ ಬಂದರು. ಬಂದ ವರ್ಷವೇ ಅಂತಿಮ ಪಂದ್ಯ, ಒಂದು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು. ರಿಚ್ಮಂಡ್ 18 ಅಂಕಗಳಿಂದ ಸೋತಿತು. ಆದರೂ ಪಂದ್ಯದ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ರಿಯೋಲಿಯವರಿಗೆ ಬಂತು. ಸೋತ ತಂಡದಲ್ಲಿದ್ದು ಆ ಪದಕ ಪಡೆದ ಮೊದಲಿಗರು ಅವರೇ, ಮೂಲನಿವಾಸಿಗಳಲ್ಲಿಯೂ ಅವರೇ ಮೊದಲು. ಆಮೇಲೆ ದ್ವೀಪಕ್ಕೆ ಮರಳಿದರು, 1992ರಿಂದ 2001ರವರೆಗೆ ಪ್ರಾಂತ್ಯದ ಶಾಸನಸಭೆಯಲ್ಲಿ ತಮ್ಮ ಜನರ ಪ್ರತಿನಿಧಿಯಾಗಿದ್ದರು.

ಮೂರನೆಯವರು ಮೈಕೆಲ್ ಲಾಂಗ್. ಇವರ ಹೆಸರಿನೊಂದಿಗೆ ಗಾರ್ಡನ್ ಪಾಯಿಂಟಿನ ಮಕ್ಕಳ ಕಥೆ ಮತ್ತೆ ಎದುರಾಗುತ್ತದೆ. ಇವರ ತಂದೆ, ತಾಯಿ ಇಬ್ಬರೂ ಎಳೆಯರಿದ್ದಾಗಲೇ ತಮ್ಮ ಕುಟುಂಬಗಳಿಂದ ಬೇರ್ಪಟ್ಟು ಮೆಲ್ವಿಲ್ ದ್ವೀಪದ ಆ ಮಿಷನ್ನಿನಲ್ಲಿ ಬೆಳೆದವರು. ಮಗ ಡಾರ್ವಿನ್ನಿನಲ್ಲಿ ಹುಟ್ಟಿ, ಸೇಂಟ್ ಮೇರೀಸ್‌ನಲ್ಲಿ ಆಡಿ, 1989ರಿಂದ ಮೆಲ್ಬರ್ನಿನ ಎಸೆಂಡನ್ ತಂಡಕ್ಕೆ ಆಡಿದರು. 1993ರ ಅಂತಿಮ ಪಂದ್ಯದಲ್ಲಿ ನಾರ್ಮ್ ಸ್ಮಿತ್ ಪದಕ ಗೆದ್ದರು. ಆದರೆ ಅವರನ್ನು ಜನ ನೆನೆಯುವುದು ಅದಕ್ಕಿಂತ ಹೆಚ್ಚಾಗಿ 1995ರ ಏಪ್ರಿಲ್ 25ರ ಪಂದ್ಯಕ್ಕಾಗಿ. ಎದುರಾಳಿಯೊಬ್ಬ ಅವರ ಚರ್ಮದ ಬಣ್ಣ ಹಿಡಿದು ಬೈದ. ಆವರೆಗೂ ಅಂಥ ಬೈಗುಳ ಮೈದಾನದಲ್ಲಿಯೇ ಉಳಿಯುತ್ತಿತ್ತು. ಆಡಿದವರೂ ಮರೆತಂತೆ ಮಾಡುತ್ತಿದ್ದರು, ಕೇಳಿಸಿಕೊಂಡವರೂ ನುಂಗಿಕೊಳ್ಳುತ್ತಿದ್ದರು. ಲಾಂಗ್ ನುಂಗಿಕೊಳ್ಳಲಿಲ್ಲ, ದೂರು ಕೊಟ್ಟರು, ಬಿಡದೆ ಹಿಡಿದರು. ಅದೇ ವರ್ಷ ಲೀಗ್ ಜನಾಂಗ ನಿಂದನೆಯ ವಿರುದ್ಧ ನಿಯಮ ತಂದಿತು.

2000ದಲ್ಲಿ, ಹೀಗೆ ಬೇರ್ಪಡಿಸಿದ ಮಕ್ಕಳನ್ನು ಒಂದು ತಲೆಮಾರು ಎನ್ನುವಷ್ಟು ಸಂಖ್ಯೆ ಇರಲಿಲ್ಲ ಎಂದು ಸರ್ಕಾರದ ವರದಿಯೊಂದು ವಾದಿಸಿದಾಗ, ಲಾಂಗ್ ತಮ್ಮ ತಾಯಿಯ ಕಥೆಯನ್ನೇ ಪ್ರಧಾನಿಗೆ ಬಹಿರಂಗ ಪತ್ರವಾಗಿ ಬರೆದರು. 2004ರ ನವೆಂಬರಿನಲ್ಲಿ ಮೆಲ್ಬರ್ನಿನ ಮನೆಯಿಂದ ರಾಜಧಾನಿ ಕ್ಯಾನ್ಬೆರಾ ಕಡೆಗೆ ನಡೆದೇ ಹೊರಟರು. ಸುಮಾರು 650 ಕಿಲೋಮೀಟರಿನ ದಾರಿ. ಮೂಲನಿವಾಸಿಗಳ ಸಾವುಗಳಿಗೆ ಹೋಗಿ ಹೋಗಿ ಸಾಕಾಗಿತ್ತು, ಅದನ್ನು ಪ್ರಧಾನಿಗೆ ಎದುರಾಎದುರು ಹೇಳಬೇಕಿತ್ತು. ಪ್ರಧಾನಿ ಜಾನ್ ಹಾವರ್ಡ್ ಡಿಸೆಂಬರಿನಲ್ಲಿ ಅವರನ್ನು ಭೇಟಿಯಾದರು. ರಾಷ್ಟ್ರೀಯ ಹಾಲ್ ಆಫ್ ಫೇಮ್ ಅವರ ಹೆಸರನ್ನು 2007ರಲ್ಲಿ ಸೇರಿಸಿಕೊಂಡಿತು. ಗೌರವ ಬಂದದ್ದು ಆಟಕ್ಕೆ. ಆದರೆ ಆ ಹೆಸರನ್ನು ಓದುವವರು ಆ ನಡಿಗೆಯನ್ನು ಬಿಟ್ಟು ಓದಲಾರರು.

ಧರ್ಮಸಭೆಯ ಮಾತೂ ಇಲ್ಲಿ ಬರಬೇಕು. ಈ ಮೂವರ ಆಟ ಚಿಗುರಿದ್ದು ನಮ್ಮವರ ಅಂಗಳದಲ್ಲಿ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಾದರೆ ತಾಯಂದಿರಿಂದ ಬಿಡಿಸಿ ತಂದ ಮಕ್ಕಳನ್ನು ಪಡೆದುಕೊಂಡ ಬಾಗಿಲೂ ನಮ್ಮವರದೇ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗುತ್ತದೆ. ಸಾಕಿದವರಲ್ಲಿ ಪ್ರೀತಿಯಿಂದ ಸಾಕಿದವರು ಇದ್ದರು, ಅದು ನಿಜ. ಆ ಪ್ರೀತಿ ತಾಯಿಯ ಕಣ್ಣೀರನ್ನು ಒರೆಸಲಿಲ್ಲ, ಅದೂ ನಿಜ. 1986ರ ನವೆಂಬರ್ 29ರಂದು ಮರುಭೂಮಿಯ ನಡುವಿನ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಮೂಲನಿವಾಸಿಗಳನ್ನು ಕಂಡ ಜಗದ್ಗುರು ಎರಡನೆಯ ಜಾನ್ ಪೌಲರು, ಅವರ ಕಾಣಿಕೆಯನ್ನು ಸಂತೋಷದಿಂದ ಸ್ವೀಕರಿಸುವವರೆಗೂ ಆಸ್ಟ್ರೇಲಿಯಾದ ಧರ್ಮಸಭೆ ಪೂರ್ಣವಾಗದು ಎಂಬರ್ಥದ ಮಾತನ್ನಾಡಿದರು. 2001ರಲ್ಲಿ ಓಷಿಯಾನಿಯಾ ಖಂಡದ ಧರ್ಮಸಭೆಗೆ ಬರೆದ ಪ್ರೇಷಿತ ಪತ್ರದಲ್ಲಿ, ಮೂಲನಿವಾಸಿಗಳಿಗಾದ ಅನ್ಯಾಯಗಳಲ್ಲಿ ಧರ್ಮಸಭೆಯ ಮಕ್ಕಳು ಭಾಗಿಯಾದದ್ದಕ್ಕೆ ಕ್ಷಮೆ ಬೇಡಿದರು. ದೇಶದ ಸಂಸತ್ತಿನಲ್ಲಿ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು ಅದಾಗಿ ಏಳು ವರ್ಷಕ್ಕೆ, 2008ರ ಫೆಬ್ರವರಿ 13ರಂದು.

ಉತ್ತರ ಪ್ರಾಂತ್ಯದ ಗೌರವ ಪಟ್ಟಿ ಈ ಹಿನ್ನೆಲೆಯಲ್ಲಿ ತೆರೆದದ್ದು. ಅಲ್ಲಿ ಒಂದು ಸೂಕ್ಷ್ಮವಿದೆ, ಅದು ನಮ್ಮಂಥ ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ತಿವಿ ಜನರಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಬಹಳ ಕಾಲ ಬಾಯಿಬಿಟ್ಟು ಹೇಳುವುದಿಲ್ಲ. ಪುಕುಮಾನಿ ಎಂಬ ಉತ್ತರಕ್ರಿಯೆ ನಡೆಸಿ, ಬಣ್ಣ ಬಳಿದ ಕೆತ್ತನೆಯ ಕಂಬಗಳನ್ನು ಸಮಾಧಿಯ ಸುತ್ತ ನೆಡುತ್ತಾರೆ. ಕ್ರೈಸ್ತರಾದ ಮೇಲೂ ಇದನ್ನು ಬಿಟ್ಟಿಲ್ಲ. ದಿವ್ಯಬಲಿಪೂಜೆಯೂ ಉಂಟು, ಕಂಬಗಳೂ ಉಂಟು. ನಾವು ಹೆಸರು ಹೇಳಿ ಸ್ಮರಿಸುತ್ತೇವೆ, ಅವರು ಹೆಸರು ಹೇಳದೆ ಸ್ಮರಿಸುತ್ತಾರೆ. ಆಸ್ಟ್ರೇಲಿಯಾದ ದೂರದರ್ಶನದಲ್ಲಿ ಕಾರ್ಯಕ್ರಮಕ್ಕೆ ಮೊದಲು, ಇದರಲ್ಲಿ ತೀರಿಕೊಂಡವರ ಹೆಸರು ಮತ್ತು ಚಿತ್ರಗಳಿರಬಹುದು ಎಂದು ಮೂಲನಿವಾಸಿ ವೀಕ್ಷಕರಿಗೆ ಎಚ್ಚರಿಕೆ ಕೊಡುವುದು ಇದೇ ಕಾರಣಕ್ಕೆ. ಹೆಸರನ್ನು ಗಟ್ಟಿಯಾಗಿ ಓದುವುದೇ ಗೌರವ ಎಂದುಕೊಂಡ ಒಂದು ಪದ್ಧತಿ, ಹೆಸರನ್ನು ಕೆಲಕಾಲ ಮೌನದಲ್ಲಿಡುವುದೇ ಗೌರವ ಎಂದುಕೊಂಡ ಜನರ ಎದುರಿಗೆ ಬಂದು ನಿಂತಿದೆ.

ಬ್ಯಾಥರ್ಸ್ಟ್ ದ್ವೀಪದ ಹಳೆಯ ಮಿಷನ್ ಊರಿಗೆ 2010ರಿಂದ ವುರುಮಿಯಾಂಗಾ ಎಂಬ ತಿವಿ ಹೆಸರೇ ಅಧಿಕೃತ. ಪ್ರತಿ ಮಾರ್ಚಿಯಲ್ಲಿ ದ್ವೀಪದ ಲೀಗಿನ ಅಂತಿಮ ಪಂದ್ಯ ಅಲ್ಲಿಯೇ ನಡೆಯುತ್ತದೆ. ಡಾರ್ವಿನ್ನಿನಿಂದ ದೋಣಿಗಳಲ್ಲಿ, ಸಣ್ಣ ವಿಮಾನಗಳಲ್ಲಿ ಸಾವಿರಾರು ಜನ ಬಂದಿಳಿಯುತ್ತಾರೆ. ಮೊರಿಸ್ ರಿಯೋಲಿ 2010ರ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ, 53ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ, 2020ರ ಆಟಗಾರರ ಆಯ್ಕೆಯಲ್ಲಿ, ರಿಚ್ಮಂಡ್ ತಂಡ ಅವರ ಮಗನನ್ನು ಆರಿಸಿಕೊಂಡಿತು. ಮಗನ ಹೆಸರೂ ಮೊರಿಸ್ ರಿಯೋಲಿ. 2021ರಲ್ಲಿ ಅವನು ಮೊದಲ ಪಂದ್ಯಕ್ಕೆ ಇಳಿದಾಗ, ತಂದೆ ಆಡಿದ ತಂಡದ ಆಟಗಾರರ ಪಟ್ಟಿಯಲ್ಲಿ ಆ ಹೆಸರು ಮತ್ತೊಮ್ಮೆ ಇತ್ತು.